ನನ್ನನ್ನು ಎರಡು ಸಲ ಕೊಂದವರ ಸಂಪಿಗೆ

ನಮ್ಮ ಪಕ್ಕದ ಮನೆಯ ಮೇಡಂ ನನ್ನನ್ನು ಎರಡು ಸಲ ಕೊಂದಿದ್ದಾರೆ. ಮೊದಲ ಸಲ ಗೊಬ್ಬರದ ಗುಂಡಿಗೆ ತಳ್ಳಿ, ಎರಡನೆಯ ಸಲ ಚಹಾದಲ್ಲಿ ವಿಷ ಬೆರೆಸಿ. ಇಷ್ಟಾದರೂ ನಾನು ಎಲ್ಲೂ ದೂರು ಕೊಟ್ಟಿಲ್ಲ. ಎರಡೂ ಸಲ ಅವರೇ ಬಂದು ಬಾಗಿಲು ತಟ್ಟಿ, ನಾನು ಸತ್ತ ಪುಟಕ್ಕೆ ಗುರುತಿಗೊಂದು ಒಣ ಎಲೆ ಇಟ್ಟು, ಸಹಿ ಹಾಕಿದ ಪುಸ್ತಕ ಕೊಟ್ಟು ಹೋದರು. ಇಷ್ಟು ಮರ್ಯಾದಸ್ಥ ಕೊಲೆಗಾರರು ಎಷ್ಟು ಜನರಿಗೆ ಸಿಗುತ್ತಾರೆ ಹೇಳಿ!

ಮೇಡಂ ಇಂಗ್ಲೆಂಡಿನವರು, ಎಪ್ಪತ್ತೆಂಟು ವರ್ಷ. ಸಿಂಗಪುರದ ಪಾಸಿರ್ ರಿಸ್‌ನ ನಮ್ಮ ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿ ಅವರ ಬಾಗಿಲಿಗೂ ನಮ್ಮ ಬಾಗಿಲಿಗೂ ನಡುವೆ ಇದ್ದದ್ದು ಬರೀ ಕಾರಿಡಾರು ಮತ್ತು ಅದರ ತುಂಬ ಕುಂಡಗಳು. ಅವರು ಬರೆಯುತ್ತಿದ್ದದ್ದು ಎರಡೇ ಬಗೆ, ಕೊಲೆಯ ಕಾದಂಬರಿಗಳು ಮತ್ತು ಗಿಡದ ಪುಸ್ತಕಗಳು. ಒಟ್ಟು ಎಷ್ಟು ಬರೆದಿದ್ದೀರಿ ಎಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಕಾದಂಬರಿಗಳು ಬಾಗಿಲಿನಿಂದ ಫ್ರಿಜ್ಜಿನವರೆಗೆ, ಗಿಡದವು ಫ್ರಿಜ್ಜಿನಿಂದ ಕಿಟಕಿಯವರೆಗೆ ಎಂದು ಕೈ ಬೀಸಿ ಶೆಲ್ಫು ತೋರಿಸುತ್ತಿದ್ದರು. ಪ್ರತಿ ಪುಸ್ತಕವೂ ಅವರ ಕಟ್ಟಕಡೆಯ ಪುಸ್ತಕವೇ. ನಾವು ಪಕ್ಕಕ್ಕೆ ಬಂದ ಮೇಲೆ ಅಂಥ ಐದು ಕಟ್ಟಕಡೆಯ ಪುಸ್ತಕಗಳು ಬಂದವು.

ತಲೆನೋವು ಕೊಟ್ಟವರನ್ನೆಲ್ಲ ಮುಂದಿನ ಕಾದಂಬರಿಯಲ್ಲಿ ಮುಗಿಸುವುದು ಅವರ ಪದ್ಧತಿ. ನನ್ನ ಮೊದಲ ಅಪರಾಧ ಒಗ್ಗರಣೆ. ಒಣಮೆಣಸಿನಕಾಯಿ ಘಾಟಿಗೆ ಅವರು ಕೆಮ್ಮಿ ಕೆಮ್ಮಿ ಒಂದು ಪ್ಯಾರಾ ಮರೆತುಬಿಟ್ಟರಂತೆ. ಎರಡನೆಯದು, ಅವರು ಊರಿನಲ್ಲಿಲ್ಲದಾಗ ಪ್ರೀತಿಯಿಂದ ದಿನಾ ನೀರು ಹಾಕಿ ಅವರ ಕಳ್ಳಿ ಗಿಡವನ್ನು ಕೊಳೆಸಿದ್ದು. ಕುಂಡದಲ್ಲಿ ಸೊಳ್ಳೆ ಮರಿ ಇದೆಯೇ ಎಂದು ಟಾರ್ಚು ಹಿಡಿದು ಬಂದ ಇನ್ಸ್‌ಪೆಕ್ಟರ್ ಒಬ್ಬರು ಅರ್ಧ ಗಂಟೆ ಅವರಿಗೆ ಮಣ್ಣು ಕಲಸಿ ಕೊಟ್ಟು ಹೋದರು. ಪಾಪ, ಅವರೂ ಎರಡನೇ ಅಧ್ಯಾಯ ದಾಟಲಿಲ್ಲ.

ಮನುಷ್ಯರ ವಿಷಯದಲ್ಲಿ ಇಷ್ಟು ಧಾರಾಳವಾಗಿ ಸುಳ್ಳು ಬರೆಯುವ ಮೇಡಂ ಗಿಡದ ವಿಷಯದಲ್ಲಿ ಮಾತ್ರ ಮಹಾ ಕಟ್ಟುನಿಟ್ಟು. ತಾವೇ ಬೆಳೆಸಿ, ಅರಳುವುದನ್ನು ತಮ್ಮ ಕಣ್ಣಾರೆ ನೋಡದ ಹೂವಿನ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ವಯಸ್ಸಿನಲ್ಲಿದ್ದಾಗ ಒಮ್ಮೆ, ನೋಡದ ಹೂವೊಂದನ್ನು ಬೇರೆ ಪುಸ್ತಕ ನೋಡಿಕೊಂಡು ವರ್ಣಿಸಿದ್ದರಂತೆ. ಯಾವುದೋ ಹಳ್ಳಿಯ ಅಂಚೆಯವನೊಬ್ಬ ಪತ್ರ ಬರೆದು, ಅಮ್ಮಾ, ನೀವು ಈ ಹೂ ನೋಡಿಲ್ಲ ಎಂದನಂತೆ. ಅಷ್ಟೇ. ಆ ಪತ್ರ ಚೌಕಟ್ಟಿನೊಳಗೆ ಅವರ ಮೇಜಿನ ಮೇಲೆ ನಿಂತಿತ್ತು. ಅಲ್ಲಿಂದಾಚೆಗೆ ಆ ನಿಯಮ ಒಮ್ಮೆಯೂ ಮುರಿದಿರಲಿಲ್ಲ.

ಈಗ ಆರನೆಯ ಕಟ್ಟಕಡೆಯ ಪುಸ್ತಕ ನಡೆಯುತ್ತಿತ್ತು. ಈ ಸಲ ಅದು ನಿಜವೆಂದು ನಮಗೆಲ್ಲ ಗೊತ್ತಿತ್ತು. ಎಡಗಣ್ಣು ಆಗಲೇ ಹೋಗಿತ್ತು, ಬಲಗಣ್ಣಿಗೆ ಭೂತಗನ್ನಡಿ ಬೇಕಾಗಿತ್ತು. ಶನಿವಾರದ ವಿಮಾನಕ್ಕೆ ಅವರು ತಂಗಿಯ ಮನೆಗೆ, ಇಂಗ್ಲೆಂಡಿಗೆ, ಶಾಶ್ವತವಾಗಿ ಹೊರಟಿದ್ದರು. ಕುಂಡಗಳ ತೋಟದ ಮೇಲಿನ ಪುಸ್ತಕ ಅದು, ಕೊನೆಯ ಅಧ್ಯಾಯ ಕೆಂಡಸಂಪಿಗೆಯದು. ಏಳು ವರ್ಷದ ಹಿಂದೆ ಬೀಜ ಹಾಕಿದ ಗಿಡ ಎದೆಯೆತ್ತರ ಬೆಳೆದು, ಒಂದು ಹೂವನ್ನೂ ಬಿಡದೆ ನಿಂತಿತ್ತು. ಮೇಡಂ ದಿನಾ ಅದರ ಮುಂದೆ ಕುರ್ಚಿ ಹಾಕಿಕೊಂಡು, ಪ್ರಕಾಶಕರು ತಮಗೆ ಹಿಂದೆ ಕಳಿಸಿದ್ದ ತಿರಸ್ಕಾರದ ಪತ್ರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಸೋಮಾರಿಗಳಿಗೆ ಇದೇ ಮದ್ದು ಎನ್ನುತ್ತಿದ್ದರು.

ಮದ್ದು ತಾಗಿತೋ ಏನೋ, ಹೊರಡುವ ವಾರ ಗಿಡದಲ್ಲಿ ಮೊಗ್ಗು ಕಾಣಿಸಿತು. ಒಂದೇ ಒಂದು ಮೊಗ್ಗು. ಬುಧವಾರ ಸಂಜೆ ಅದರ ಸಿಪ್ಪೆ ಬಿರಿಯಿತು. ಮೇಡಂ ನನ್ನನ್ನು ಕರೆದು ತೋರಿಸಿ, ನಾಳೆ ಬೆಳಿಗ್ಗೆ ಏಳಕ್ಕೆ ಕೂರುತ್ತೇನೆ, ಕಾರಿಡಾರಿನಲ್ಲಿ ಯಾರೂ ಗಾಳಿ ಸಹ ಆಡಿಸಕೂಡದು ಎಂದರು. ಬರೆದಿಟ್ಟ ಅಧ್ಯಾಯವನ್ನೂ ತೋರಿಸಿದರು. ಎಲ್ಲ ಮುಗಿದಿತ್ತು, ನಡುವೆ ಅರ್ಧ ಪುಟ ಮಾತ್ರ ಹೂವಿಗಾಗಿ ಖಾಲಿ ಬಿಟ್ಟಿದ್ದರು.

ಇಲ್ಲಿ ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಸೋಮವಾರವಷ್ಟೇ ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಸಿಂಗಪುರದಲ್ಲಿ ಏನೇನು ಮಾಡಬಾರದು ಎಂದು ಏರ್‌ಪೋರ್ಟಿನಿಂದ ಮನೆಯವರೆಗೆ ಪಾಠ ಒಪ್ಪಿಸಿದ್ದೆ. ಉಗುಳಬಾರದು, ಎಮ್‌ಆರ್‌ಟಿ ರೈಲಿನಲ್ಲಿ ಚಕ್ಕುಲಿ ತಿನ್ನಬಾರದು, ಲಿಫ್ಟಿನಲ್ಲಿ ಕಂಡವರ ಸಂಬಳ ಕೇಳಬಾರದು. ಹೂವಿನ ವಿಷಯ ಹೇಳುವುದು ಹೊಳೆಯಲೇ ಇಲ್ಲ. ಮೈಸೂರಿನಲ್ಲಿ ನಮ್ಮತ್ತೆ ಬೆಳಗಿನ ಐದೂವರೆಗೆ ಬುಟ್ಟಿ, ಕೊಕ್ಕೆ ಕೋಲು ಹಿಡಿದು ಹೊರಟರೆ ಅವರ ಬಡಾವಣೆಯ ಯಾವ ಕಾಂಪೌಂಡೂ ಅವರಿಗೆ ಲೆಕ್ಕವಿಲ್ಲ. ಗೋಡೆಯಿಂದಾಚೆ ಇಣುಕಿದ ಹೂ ದೇವರದು. ಅದನ್ನು ಕಳ್ಳತನ ಎಂದವರು ಅಲ್ಲಿ ಯಾರೂ ಇಲ್ಲ. ಎಲ್ಲರ ಮನೆಯ ಅತ್ತೆಯರೂ ಅದೇ ಹೊತ್ತಿಗೆ ಬೇರೆಯವರ ಗೋಡೆಯ ಪಕ್ಕದಲ್ಲಿರುತ್ತಾರಲ್ಲ!

ಗುರುವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ನನ್ನನ್ನು ಎಬ್ಬಿಸಿದ್ದು ಅಲಾರಂ ಅಲ್ಲ, ಪರಿಮಳ. ಹಾಲ್‌ಗೆ ಬಂದೆ. ದೇವರ ಗೂಡಿನಲ್ಲಿ ಲಕ್ಷ್ಮಿಯ ಪಟದ ಮುಂದೆ, ಬೆಳ್ಳಿ ಬಟ್ಟಲಿನ ನೀರಿನಲ್ಲಿ, ಅರೆಬಿರಿದ ಕೆಂಡಸಂಪಿಗೆ.

"ಅತ್ತೆ, ಇದೆಲ್ಲಿಂದ ಬಂತು?"

"ಆಚೆ ಕುಂಡದಲ್ಲಿತ್ತಲ್ಲೇ. ಒಂದೇ ಇತ್ತು. ಪೂರ್ತಿ ಅರಳೋಕೆ ಮುಂಚೆ ಕಿತ್ತು ದೇವರ ಮುಂದೆ ಅರಳ್ಸಬೇಕು, ಸಂಪಿಗೆಗೆ ಅದೇ ಚೆಂದ."

ಬಾಗಿಲ ಕಿಂಡಿಯಲ್ಲಿ ನೋಡಿದೆ. ಗಿಡದಲ್ಲಿ ಬರೀ ತೊಟ್ಟಿತ್ತು. ಏಳಕ್ಕೆ ಹದಿನೈದು ನಿಮಿಷ. ನನ್ನ ಗಂಡನನ್ನು ಅಲುಗಾಡಿಸಿ ಎಬ್ಬಿಸಿ ವಿಷಯ ಹೇಳಿದೆ. ಪಾಯಾ ಲೆಬಾರ್‌ನ ಆಫೀಸಿನಲ್ಲಿ ದೊಡ್ಡ ದೊಡ್ಡ ಸಿಸ್ಟಮ್ ಬಿದ್ದಾಗ ಎತ್ತಿ ನಿಲ್ಲಿಸುವವರು ಅವರು. ಎರಡು ನಿಮಿಷ ಗಂಭೀರವಾಗಿ ಯೋಚಿಸಿ, "ಗ್ಲೂ ಗನ್ ಇದೆಯಲ್ಲ, ಟೆಂಪರರಿಯಾಗಿ ಫಿಕ್ಸ್ ಮಾಡೋಣ" ಅಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಒಪ್ಪಿದೆ. ಒಂದೇ ಕಣ್ಣು ಕಾಣುವ ಮುದುಕಿಗೆ ಅಂಟು ಹಚ್ಚಿದ ಹೂ ತೋರಿಸಲು ನಾನು ಸಿದ್ಧಳಾಗಿದ್ದೆ. ಎಂಟು ವರ್ಷದ ಮಗಳು ಹಲ್ಲುಜ್ಜುತ್ತಲೇ, "ಅಮ್ಮಾ, ಜಸ್ಟ್ ಟೆಲ್ ಹರ್ ಲಾ" ಎಂದಳು. ಸುಮ್ಮನಿರು ಎಂದು ಗದರಿದೆ.

ಬಟ್ಟಲಿಗೆ ಕೈ ಹಾಕಿದೆನೋ ಇಲ್ಲವೋ, ಅತ್ತೆ ಅಡ್ಡ ನಿಂತರು.

"ದೇವರಿಗೆ ಏರ್ಸಿದ ಹೂವನ್ನ ವಾಪಸ್ ಗಿಡಕ್ಕೆ ಕಟ್ತೀಯಾ? ನನ್ನ ಜೀವ ಇರೋ ತನಕ ಆಗಲ್ಲ."

ಅಷ್ಟರಲ್ಲಿ ಹೊರಗೆ ಚಿಲಕದ ಸದ್ದು. ಕುರ್ಚಿ ಎಳೆದ ಸದ್ದು. ಚಹಾ ಕಪ್ಪನ್ನು ಸಾಸರಿನ ಮೇಲಿಟ್ಟ ಸದ್ದು. ಏಳು ಗಂಟೆ. ಆಮೇಲೆ ಏನೂ ಕೇಳಿಸಲಿಲ್ಲ. ನಾವು ನಾಲ್ಕು ಜನ ಬಾಗಿಲಿನ ಹಿಂದೆ ಕಿವಿಗೊಟ್ಟು ನಿಂತಿದ್ದೆವು. ಮೇಡಂ ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಗ ಅತ್ತೆಗೆ ಪಿಸುದನಿಯಲ್ಲಿ ಎಲ್ಲ ಹೇಳಿದೆ. ಏಳು ವರ್ಷ, ಹೋದ ಕಣ್ಣು, ಅಂಚೆಯವನ ಪತ್ರ, ಖಾಲಿ ಬಿಟ್ಟ ಅರ್ಧ ಪುಟ, ಶನಿವಾರ. ಅತ್ತೆಯ ಮುಖ ಸಣ್ಣಗಾಯಿತು. ಏಳು ವರ್ಷವಾ ಎಂದು ಒಂದೇ ಸಲ ಕೇಳಿದರು. ನಾನು ತಡೆಯುವ ಮೊದಲೇ ಬಾಗಿಲು ತೆಗೆದು ಹೊರಗೆ ನಡೆದರು.

ಮೇಡಂ ಕುಂಡದ ಬುಡದಲ್ಲಿ ಮಂಡಿಯೂರಿ, ಭೂತಗನ್ನಡಿ ಹಿಡಿದು ಬಿದ್ದ ಹೂವಿಗಾಗಿ ನೆಲ ಹುಡುಕುತ್ತಿದ್ದರು. ಅತ್ತೆ ಅವರ ಎದುರಿಗೇ ಕುಕ್ಕರಗಾಲಿನಲ್ಲಿ ಕೂತರು. ಇಂಗ್ಲಿಷಿನ ಒಂದಕ್ಷರ ಬಾರದ ಅತ್ತೆ ತಮ್ಮ ಬಲಗೈಯನ್ನು ಅವರ ಮುಖದ ಮುಂದೆ ಹಿಡಿದು ಹೇಳಿದರು.

"ಈ ಕೈಲಿ ನಾನೇ ಕಿತ್ತೆ. ನಿಮ್ಮದೂಂತ ಗೊತ್ತಿರ್ಲಿಲ್ಲ. ದೇವರದೂಂತ ಕಿತ್ತೆ."

ನಾನು ಅನುವಾದ ಮಾಡಬೇಕಾಗಿ ಬರಲಿಲ್ಲ. ಮೇಡಂ ಆ ಬೆರಳುಗಳನ್ನು ಹಿಡಿದು ಮೂಸಿದರು. ಎಲ್ಲಿದೆ ಎಂದಷ್ಟೇ ಕೇಳಿದರು. ಅತ್ತೆ ಅವರ ರಟ್ಟೆ ಹಿಡಿದೆಬ್ಬಿಸಿ ನಮ್ಮ ಮನೆಯೊಳಗೆ ಕರೆತಂದರು. ಮೇಡಂ ಚಪ್ಪಲಿಯನ್ನು ಹೊಸ್ತಿಲಾಚೆಯೇ ಬಿಟ್ಟರು. ಈ ಐದು ವರ್ಷದಲ್ಲಿ ನಾನು ಹೇಳಿ ಹೇಳಿ ಸಾಕಾಗಿದ್ದ ಕೆಲಸ ಅದು.

ದೇವರ ಗೂಡಿನ ಮುಂದೆ ಇಬ್ಬರೂ ನಿಂತರು. ಬಟ್ಟಲಿನಲ್ಲಿ ಹೂ ಇನ್ನೂ ಪೂರ್ತಿ ಬಿಚ್ಚಿಕೊಂಡಿರಲಿಲ್ಲ. ಹೊರಗಿನ ಒಂದು ದಳ ಮಾತ್ರ ಸಡಿಲಾಗಿ ನೀರಿಗೆ ತಾಗಿತ್ತು. ಮೇಡಂ ಭೂತಗನ್ನಡಿಯಲ್ಲಿ ಬಗ್ಗಿ ನೋಡಿ, ತಟ್ಟನೆ ನನ್ನ ಕಡೆ ತಿರುಗಿ ನೋಟ್‌ಬುಕ್ ತಂದುಕೊಡಲು ಹೇಳಿದರು. ಹೂ ಗಿಡದಿಂದ ಬೇರೆಯಾಗಿದ್ದರೂ ಇನ್ನೂ ಅರಳುತ್ತಿತ್ತು!

ಅತ್ತೆ ಅಡುಗೆಮನೆಯ ಸ್ಟೂಲ್ ತಂದಿಟ್ಟರು, ತಾವು ನೆಲದ ಮೇಲೆ ಮಣೆ ಹಾಕಿಕೊಂಡು ಕೂತರು. ನಾನು ಮನೆಯಲ್ಲಿ ಅರ್ಜೆಂಟ್ ಇಶ್ಯೂ ಇದೆ ಎಂದು ಆಫೀಸಿಗೆ ಮೆಸೇಜ್ ಹಾಕಿದೆ. ಎರಡು ಗಂಟೆಯ ಹೊತ್ತು ನಮ್ಮ ಮನೆಯಲ್ಲಿ ಯಾರೂ ಮಿಕ್ಸಿ ಹಾಕಲಿಲ್ಲ, ಒಗ್ಗರಣೆ ಹಾಕಲಿಲ್ಲ, ಫ್ಯಾನನ್ನೂ ಹಾಕಲಿಲ್ಲ. ಬೆವರು ಇಳಿಯುತ್ತಿತ್ತು. ದಳ ಅಲುಗಿದಾಗಲೆಲ್ಲ ಅತ್ತೆ ಮೇಡಂ ಮೊಣಕಾಲು ತಟ್ಟಿ, ಈಗ ನೋಡಿ ಎನ್ನುತ್ತಿದ್ದರು. ಮೇಡಂ ತಲೆಯಾಡಿಸಿ ಬರೆಯುತ್ತಿದ್ದರು. ಮಧ್ಯೆ ದೀಪ ಸಣ್ಣಗಾದಾಗ ಎಣ್ಣೆ ಹಾಕುವಂತೆ ಅತ್ತೆಗೆ ಸನ್ನೆ ಮಾಡಿದ್ದೂ ಅವರೇ.

ಕೊನೆಯ ದಳ ಬಿಚ್ಚಿದಾಗ ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಗಿಡದ ಮೇಲೆ ಹೂ ನೋಡುತ್ತಲೇ ಮುದುಕಿಯಾದೆ, ಅದು ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಹಿಂದೆ ಹೋಗಿ ನೋಡಿರಲಿಲ್ಲ ಎಂದರು. ಅತ್ತೆ ಹೂವನ್ನೆತ್ತಿ ಕಣ್ಣಿಗೊತ್ತಿಕೊಂಡು, ಅವರ ಬಿಳಿ ಕೂದಲಿಗೆ ಸಿಕ್ಕಿಸಿದರು. ಹೊರಡುವಾಗ ಮೇಡಂ ಅತ್ತೆಯ ಹೆಸರಿನ ಸ್ಪೆಲ್ಲಿಂಗ್ ಕೇಳಿದರು. ಆ ಕೇಳಿಕೆಯ ಅರ್ಥ ಎರಡು ಸಲ ಸತ್ತ ನನಗಲ್ಲದೆ ಇನ್ಯಾರಿಗೆ ಗೊತ್ತು? ಕೊಲ್ಲುವುದಕ್ಕಾ ಎಂದು ಕೇಳಿದೆ. ಮೇಡಂ ಪೆನ್ನಿನ ಮುಚ್ಚಳ ಮತ್ತೆ ತೆಗೆದು ಒಂದೊಂದೇ ಅಕ್ಷರ ಬರೆದುಕೊಂಡರು.

ಶನಿವಾರ ಅವರು ಹೋದ ಮೇಲೆ ನೋಡಿದರೆ ಸಂಪಿಗೆ ಕುಂಡ ನಮ್ಮ ಬಾಗಿಲಲ್ಲಿತ್ತು. ಜೊತೆಗೊಂದು ಚೀಟಿ: ನೀರು ಹೆಚ್ಚು ಹಾಕಿದರೆ ಮೂರನೇ ಸಲವೂ ಬರುತ್ತೇನೆ.

ಮರುವರ್ಷ ಪುಸ್ತಕ ಬಂತು. ಒಣ ಎಲೆಯಿದ್ದ ಪುಟ ತೆರೆದೆ. ಸಂಪಿಗೆಯ ಅಧ್ಯಾಯದಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಬೆಳಗಿನ ಜಾವ ಹೂ ಕದಿಯಲು ಬರುತ್ತಾಳೆ. ಹೆಸರಿನ ಒಂದಕ್ಷರವೂ ತಪ್ಪಿಲ್ಲ. ಕೊನೆಯ ಪುಟದವರೆಗೂ ಬದುಕಿರುತ್ತಾಳೆ. ನಮ್ಮ ಬ್ಲಾಕಿನಲ್ಲಿ ಮೇಡಂ ಕೈಯಿಂದ ಜೀವಂತವಾಗಿ ಪಾರಾದವರು ನಮ್ಮತ್ತೆ ಒಬ್ಬರೇ.

ಅದೇ ತಿಂಗಳು ಗಿಡ ಮತ್ತೆ ಒಂದು ಮೊಗ್ಗು ಬಿಟ್ಟಿತು. ಮೈಸೂರಿನಲ್ಲಿದ್ದ ಅತ್ತೆಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಊರಿನ ಗೋಡೆಗಳನ್ನೆಲ್ಲ ಬೋಳಿಸುವ ನಮ್ಮತ್ತೆ ಹೇಳಿದರು:

"ಅದನ್ನ ಮುಟ್ಬೇಡ ಕಣೆ. ಪಾಪ, ಗಿಡದ ಮೇಲೆ ಅರಳೋದು ನೋಡ್ಬೇಕೂಂತ ಇತ್ತು ಅವರಿಗೆ. ಅದು ಅವರ ಹೂ."

ಮುಟ್ಟಲಿಲ್ಲ. ಬೆಳಿಗ್ಗೆ ಏಳಕ್ಕೆ ಕುರ್ಚಿ ಹಾಕಿಕೊಂಡು ಕೂತೆ. ಪೂರ್ತಿ ಅರಳಿದ ಮೇಲೆ ಫೋಟೋ ತೆಗೆದು, ಯಾರೂ ಕಿತ್ತಿಲ್ಲ, ಅತ್ತೆಯ ಆಜ್ಞೆ ಎಂದು ಬರೆದು ಮೇಡಂಗೆ ಕಳಿಸಿದೆ. ಅವರಿಗೆ ಈಗ ಪತ್ರಗಳನ್ನು ತಂಗಿಯೇ ಓದಿ ಹೇಳಬೇಕು, ಫೋಟೋವನ್ನೂ ಬಾಯಲ್ಲೇ ವರ್ಣಿಸಬೇಕು ಎಂದು ನನಗೆ ಆಗ ತಿಳಿದಿರಲಿಲ್ಲ. ಮಧ್ಯಾಹ್ನ, ಅವರಿಗೆ ಅಲ್ಲಿ ಬೆಳಗಾದ ಮೇಲೆ, ತಂಗಿಯ ಫೋನಿನಿಂದ ಉತ್ತರ ಬಂತು. ಅಕ್ಕ ಹೇಳಿ ಬರೆಸಿದ್ದಾಳೆ ಎಂಬ ಒಕ್ಕಣೆಯ ಕೆಳಗೆ ಇಷ್ಟೇ ಇತ್ತು: ತುಂಬಾ ಚೆನ್ನಾಗಿದೆ. ಈಗ ಬೇಗ ಕಿತ್ತು ದೇವರ ಮುಂದಿಡು, ಅದು ಹೋಗಬೇಕಾದ ಜಾಗ ನನಗೆ ಗೊತ್ತು. ನಿಮ್ಮತ್ತೆಗೆ ಹೇಳಬೇಡ.

ಕಣ್ಣೊರೆಸಿಕೊಂಡು ಕಿತ್ತೆ. ಅತ್ತೆಗೆ ಇವತ್ತಿನವರೆಗೂ ಹೇಳಿಲ್ಲ.