ಯಂಕಂಚಿಯಲ್ಲಿ ನಾನು ಹಿಡಿದ ಕೈ

ಅರ್ಥವಾಗದ ಕಡೆಯಲ್ಲೆಲ್ಲ ತಲೆಯಾಡಿಸುವುದು ನನ್ನ ಹುಟ್ಟುಗುಣ. ಮದುವೆ ಮನೆಯಲ್ಲಿ ಗುರುತೇ ಸಿಗದವರು ಬಂದು "ನೆನಪಿದೆಯಾ?" ಎಂದರೆ "ಅಯ್ಯೋ, ಮರೆಯೋದುಂಟೇ!" ಅನ್ನುತ್ತೇನೆ, ಆಮೇಲೆ ಊಟ ಮುಗಿಯುವವರೆಗೂ ಇವರು ಯಾರಪ್ಪಾ ಎಂದು ತಲೆ ಕೆರೆದುಕೊಳ್ಳುತ್ತೇನೆ. ಈ ಗುಣದಿಂದ ಮೈಸೂರಿನಲ್ಲಿ ದೊಡ್ಡ ಅಪಾಯವೇನೂ ಆಗಿರಲಿಲ್ಲ. ರಾಜ್ಯ ಒಂದಾದ ಮೇಲೆ ನಮ್ಮಂಥ ಗುಮಾಸ್ತರನ್ನು ಅತ್ತಿಂದಿತ್ತ ವರ್ಗ ಮಾಡತೊಡಗಿದರಲ್ಲ, ಆಗ ನನ್ನನ್ನು ಸಿಂದಗಿಗೆ ಹಾಕಿದರು. ಗೊಂದಲ ಶುರುವಾದದ್ದೇ ಅಲ್ಲಿಂದ.

ರಜೆಯ ದಿನ ಊರಾಚೆ ಸುಮ್ಮನೆ ನಡೆಯುವುದು ನನ್ನ ಚಟ. ಮೈಸೂರಿನಲ್ಲಿ ಇದಕ್ಕೆ ವಾಯುವಿಹಾರ ಎನ್ನುತ್ತಾರೆ. ಸಿಂದಗಿಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಜೋಳದ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಛತ್ರಿ ಹಿಡಿದು ಹೊರಟರೆ ಎದುರಾದವರೆಲ್ಲ ನಿಂತು, "ಯಾರ ಮನಿಗೆ ಹೊಂಟೀರ್ರಿ?" ಎನ್ನುವರು. ಯಾರ ಮನೆಗೂ ಅಲ್ಲ ಎಂದರೆ ಅವರ ಮುಖದಲ್ಲಿ ಕನಿಕರ ಮೂಡುತ್ತಿತ್ತು. "ಎಮ್ಮಿ ಕಳಕೊಂಡೀರೇನ್ರಿ?" ಒಬ್ಬ ಮುದುಕನಂತೂ ನನ್ನ ಇಲ್ಲದ ಎಮ್ಮೆಯನ್ನು ಹುಡುಕಿಕೊಟ್ಟೇ ತೀರುವೆನೆಂದು ಅರ್ಧ ಮೈಲಿ ಜೊತೆಗೆ ಬಂದ. ಕೋಡು ಯಾವ ಕಡೆ ಬಾಗಿದೆ ಎಂದು ಕೇಳಿದಾಗ, ಅವನ ಮನಸ್ಸು ನೋಯಿಸಬಾರದೆಂದು, ಎಡಕ್ಕೆ ಎಂದುಬಿಟ್ಟೆ.

ಸಂಕ್ರಾಂತಿಯ ಮರುದಿನ ಯಂಕಂಚಿಯಲ್ಲಿ ಕುಸ್ತಿ ಇದೆಯೆಂದು ನಮ್ಮ ಹೆಡ್ ಕ್ಲಾರ್ಕು ಹೇಳಿದರು. ದೂರವೇ ಎಂದೆ. "ಇಲ್ಲೇ ಐತ್ರಿ." ಒಂದು ಗಂಟೆ ನಡೆದ ಮೇಲೆ, ಹೊಲದಲ್ಲಿ ಜೋಳದ ಹಸಿ ತೆನೆ ಸುಟ್ಟು ಸೀತನಿ ಮಾಡುತ್ತಿದ್ದವರನ್ನು ಕೇಳಿದೆ. "ಇಲ್ಲೇ ಐತ್ರಿ, ಕುಂದರ್ರಿ, ತಿನ್ರಿ." ಬೊಗಸೆ ತುಂಬ ತಿಂದು ಮತ್ತೆ ನಡೆದೆ, ನಡೆದೆ. ಯಂಕಂಚಿ ಕೊನೆಯವರೆಗೂ ಇಲ್ಲೇ ಇತ್ತು, ಬರಲು ಮಾತ್ರ ಒಪ್ಪಲಿಲ್ಲ.

ಅಂತೂ ತಲುಪಿದಾಗ ಕೋಟು ಹಾಕಿದವನು ನಾನೊಬ್ಬನೇ. ಕುಸ್ತಿ ನಡೆಸುತ್ತಿದ್ದ ಊರ ಗೌಡರು, "ಬರ್ರಿ ಸಾಹೇಬ್ರ," ಎಂದು ಅಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಯಾರು ಗೆದ್ದರು, ಯಾಕೆ ಗೆದ್ದರು, ಒಂದೂ ತಿಳಿಯದೆ ಎಲ್ಲದಕ್ಕೂ ತಲೆಯಾಡಿಸಿದೆ. ಆಮೇಲೆ ಭಾರೀ ಆಳೊಬ್ಬ ಬಲಗೈ ಮುಂದೆ ಚಾಚಿಕೊಂಡು ಕಣದ ಅಂಚಿನಲ್ಲಿ ಸುತ್ತತೊಡಗಿದ. ಯಾರೂ ಆ ಕೈ ಮುಟ್ಟುತ್ತಿಲ್ಲ. ಕಂಡವರೆಲ್ಲ ಬೇರೆ ಕಡೆ ಮುಖ ತಿರುಗಿಸುತ್ತಿದ್ದಾರೆ. ಎಂಥ ಒರಟು ಜನ, ಚಾಚಿದ ಕೈಗೂ ಬೆಲೆ ಇಲ್ಲವೇ ಎಂದು ನನಗೆ ಸಿಟ್ಟೇ ಬಂತು. ಮೂರನೆಯ ಸುತ್ತಿಗೆ ಅವನು ನನ್ನೆದುರು ಬಂದಾಗ ಎದ್ದು ನಿಂತು, ಎರಡೂ ಕೈಯಿಂದ ಆ ಕೈ ಹಿಡಿದು ಚೆನ್ನಾಗಿ ಕುಲುಕಿದೆ.

ಕಣದ ಬದಿಯಲ್ಲಿ ಬಡಿಯುತ್ತಿದ್ದ ಹಲಗೆ ವಾದ್ಯದ ಸದ್ದು ನಿಂತಿತು. ಮರುಗಳಿಗೆಗೆ ದುಪ್ಪಟ್ಟಾಯಿತು.

"ಸಾಹೇಬ್ರ, ಕೈ ಹಿಡದೀರಿ. ಇಳೀರಿ," ಎಂದರು ಗೌಡರು.

"ಎಲ್ಲಿಗೆ?"

"ಕಣಕ್ಕರೀ. ಚಾಚಿದ ಕೈ ಹಿಡದ್ರ ಕುಸ್ತಿ ಹಿಡಿತೇನಿ ಅಂದಂಗ."

ಗೊತ್ತಿಲ್ಲದೆ ಹಿಡಿದೆ ಸ್ವಾಮಿ, ನನಗೆ ಸೊಂಟನೋವು, ಮೇಲಾಗಿ ಸಂಸಾರಸ್ಥ ಎಂದು ಕೈಮುಗಿದೆ. ಆಗ ಆ ಪೈಲ್ವಾನ, ಹಿಪ್ಪರಗಿಯ ಹುಸೇನಸಾಬ, ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: "ಹ್ವಾದ ವರ್ಷನೂ ನನಗ ಜೋಡಿ ಸಿಗಲಿಲ್ರಿ. ಎಲ್ಲಾರೂ ಅಂಜ್ತಾರ. ಒಂದಾದ್ರೂ ಕುಸ್ತಿ ಹಿಡೀದಿದ್ರ ನನಗ ಕುಸ್ತಿ ಕಲಿಸಿದ ಉಸ್ತಾದರು ತಲಿಗೆ ರುಮಾಲ ಸುತ್ತಾಂಗಿಲ್ಲ. ಅವರಿಗೂ ವಯಸ್ಸಾತ್ರಿ. ನೋಡ್ರಿ ಅಲ್ಲಿ."

ನೋಡಿದೆ. ಕಣದಾಚೆ ಕಂಬಳಿಯ ಮೇಲೆ ಒಬ್ಬ ಮುದುಕರು ಮಡಿಸಿದ ಗುಲಾಬಿ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೋಟನ್ನೂ ಕನ್ನಡಕವನ್ನೂ ಗೌಡರ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟೆ. ಕನ್ನಡಕವಿಲ್ಲದ್ದರಿಂದ ಮುಂದೆ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. "ಅಂಜಬ್ಯಾಡ್ರಿ, ಸಾವಕಾಶ ಮಲಗಿಸ್ತೇನಿ," ಎಂಬ ಮಾತು ಕೇಳಿಸಿತು, ಆಮೇಲೆ ಆಕಾಶ ಕಂಡಿತು. ತಲೆ ನೆಲಕ್ಕೆ ಬಡಿಯದಂತೆ ಅವನು ಅಂಗೈ ಒಡ್ಡಿದ್ದ. ಗೌಡರು ಕನ್ನಡಕ ತಂದುಕೊಟ್ಟರು. ಉಸ್ತಾದರು ಎದ್ದು ಬಂದು ಅವನಿಗೆ ರುಮಾಲು ಸುತ್ತಿದರು. ಅಷ್ಟು ದೊಡ್ಡ ಆಳು ಗಳಗಳನೆ ಅತ್ತ. ಬಿದ್ದವನು ನಾನು, ನನಗೂ ಯಾಕೋ ಖುಷಿಯೇ ಆಯಿತು. ಸೋತವನು ಹೀಗೆ ಹಿಗ್ಗಬಹುದೇ ಎಂಬುದು ಇವತ್ತಿಗೂ ತಿಳಿದಿಲ್ಲ.

ಸೋಮವಾರದ ಹೊತ್ತಿಗೆ ಸಿಂದಗಿಯವರ ಬಾಯಲ್ಲಿ ನಾನು ಕಾಲು ಗಂಟೆ ಸೆಣಸಿದ್ದೆ. ಮುಂದಿನ ವಾರಕ್ಕೆ ಅದು ಅರ್ಧ ಗಂಟೆಯಾಯಿತು. ಬಂಡಿದಾರಿಯಲ್ಲಿ ಎಮ್ಮೆಯ ವಿಚಾರ ಯಾರೂ ಎತ್ತಲಿಲ್ಲ. "ಜೋಡಿ ಹುಡುಕಾಕ ಹೊಂಟೀರೇನ್ರಿ?" ಎಂದು ದಾರಿ ಬಿಡುತ್ತಿದ್ದರು. ನಾನು, ಎಂದಿನಂತೆ, ತಲೆಯಾಡಿಸುತ್ತಿದ್ದೆ.

ನಾಲ್ಕು ವರ್ಷದ ಮೇಲೆ ಮೈಸೂರಿಗೆ ವರ್ಗವಾಯಿತು. ಮೊದಲ ದಿನ ಹೊಸ ಸಾಹೇಬರು ನಗುನಗುತ್ತ ಎದ್ದು ನಿಂತು ಬಲಗೈ ಚಾಚಿದರು. ನಾನು ಕನ್ನಡಕ ತೆಗೆದು ಪಕ್ಕದ ಗುಮಾಸ್ತರ ಕೈಗೆ ಕೊಟ್ಟೆ.