ಗಿಳಿ ಬಿತ್ತಿದ ಗಿಡ

ಗಿಳಿ ತನಗೆ ಹಾಕಿದ ಕಾಳನ್ನೆಲ್ಲ ತಿಂದಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಅದು ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಚೆಲ್ಲಿದ ಕಾಳೊಂದು ಬಾಲ್ಕನಿಯ ಕುಂಡದಲ್ಲಿ ಮೊಳೆಯಿತು. ಬೀದಿಯವರೆಲ್ಲ ‘ಮಾವ’ ಎನ್ನುವ ಕನ್ನಡಕದಂಗಡಿಯವರು ದಿನವೂ ನೀರೆರೆದು, ಕಡ್ಡಿಯ ಆಸರೆ ಕೊಟ್ಟು, ಕೂಸಿನ ಹಾಗೆ ಬೆಳೆಸಿದರು.

ಆ ಬೆಳಿಗ್ಗೆ ಅವರು ಗಿಡದ ಮುಂದೆ ನಿಂತೇ ಭಾಷಣ ಒಪ್ಪಿಸುತ್ತಿದ್ದರು. ಸಂಜೆ ಬೀದಿಯ ಗ್ರಂಥಾಲಯದಲ್ಲಿ ‘ಗಾಂಜಾ ಕಾನೂನನ್ನು ಸಡಿಲಿಸಬೇಕೆ?’ ಎಂದು ಚರ್ಚಾಸ್ಪರ್ಧೆ. ಮಾವ ‘ಕೂಡದು’ ಎನ್ನುವ ಪಕ್ಷ. ಅಧ್ಯಕ್ಷತೆ ಠಾಣೆಯ ಇನ್‌ಸ್ಪೆಕ್ಟರರದು.

“ಒಂದೇ ಒಂದು ಎಲೆ ಸಿಕ್ಕರೂ ಜೈಲಿಗೆ ಹಾಕಬೇಕು!” ಎಂದು ಗುಡುಗಿದರು.

ಪಕ್ಕದ ಮನೆಯ ನರ್ಸಮ್ಮ ಇಣುಕಿದಳು. “ಹಾಗಾದ್ರೆ ಬಟ್ಟೆಬರೆ ಕಟ್ಕೊಳ್ಳಿ ಮಾವ. ನಿಮ್ಮ ಕುಂಡದಲ್ಲಿರೋದು ಅದೇ. ಗಿಳಿ ಕಾಳಿನ ಜೊತೆ ಬಂದಿರ್ಬೇಕು.”

“ಇದು ಯಾವುದೋ ಹೂವಿನ ಗಿಡ ಕಣಮ್ಮ!”

“ಊರಿಗೆಲ್ಲ ಕಣ್ಣು ಕಾಣಿಸೋ ಹಾಗೆ ಮಾಡ್ತೀರ, ನಿಮಗೇ ಕಾಣ್ಲಿಲ್ವಾ?”

ಮಾವ ಬೆವರಿ ಒದ್ದೆಯಾದರು. ಗಿಡವನ್ನು ಬಚ್ಚಲಿಗೆ ಸಾಗಿಸಿದರೆ ನಲ್ಲಿ ರಿಪೇರಿಯವನು ಬಂದ. ಮಂಚದಡಿಗೆ ತಳ್ಳಿದರೆ ಮೇಲಿನ ಮನೆಯ ಕಿವುಡಜ್ಜಿ ಬಂದರು.

“ನರ್ಸಮ್ಮ ಹೇಳಿದ್ಲು. ಮಂಡಿನೋವಿಗೆ ಒಳ್ಳೇದಂತೆ, ಎರಡೆಲೆ ಕೊಡಪ್ಪ. ಯಾರಿಗೂ ಹೇಳಲ್ಲ!” ಅಜ್ಜಿಯ ಗುಟ್ಟು ಮೂರು ಮಹಡಿಗೂ ಕೇಳಿಸಿತು.

ಕಡೆಗೆ ಮಾವನ ಹೆಂಡತಿಯೇ ಗಿಡಕ್ಕೆ ಮೆತ್ತನೆಯ ಹೊದಿಕೆ ಸುತ್ತಿ ಕೊಟ್ಟಳು. “ದೂರ ಎಲ್ಲಾದ್ರೂ ಬಿಟ್ಟು ಬನ್ನಿ. ಮುರೀಬೇಡಿ, ಪಾಪ.”

ಎದೆಗವಚಿಕೊಂಡು ರಸ್ತೆಗಿಳಿದರೆ, ಎದುರಿಗೆ ಸಾಕ್ಷಾತ್ ಇನ್‌ಸ್ಪೆಕ್ಟರರು!

“ಏನ್ ಯಜಮಾನ್ರೇ, ಮೊಮ್ಮಗೂನಾ?”

“ಹೂಂ... ಸ್ವಲ್ಪ ನೆಗಡಿ.”

“ಛೆ, ಛೆ! ಗಾಳಿ ಸೋಕಿಸಬೇಡಿ.” ಆ ಒಳ್ಳೆಯ ಮನುಷ್ಯ ಎರಡೂ ಕಡೆಯ ವಾಹನ ನಿಲ್ಲಿಸಿ, ಕೈಹಿಡಿದು ರಸ್ತೆ ದಾಟಿಸಿದರು. ಮಾವ ಗ್ರಂಥಾಲಯದ ಹಿಂದಿನ ಕಸದ ತೊಟ್ಟಿಯ ಪಕ್ಕ ಕುಂಡವಿಟ್ಟು, ತಿರುಗಿ ನೋಡದೆ ಓಡಿದರು.

ಸಂಜೆ ವೇದಿಕೆ ಹತ್ತಿದ ಮಾವ ‘ಜೈಲು’ ಎನ್ನಲು ಹೊರಟರು. ಬಾಯಿಂದ ಬಂದದ್ದೇ ಬೇರೆ.

“ಸ್ವಾಮಿ, ಮಕ್ಕಳಿಗೆ ಮಾರಿ ಹಾಳು ಮಾಡೋನನ್ನ ಹಿಡೀರಿ. ಚಟಕ್ಕೆ ಬಿದ್ದವನಿಗೆ ಬೇಕಾದ್ದು ವೈದ್ಯ, ಬೇಡಿ ಅಲ್ಲ. ನೋವು ತಡೀಲಾರದೆ ಮುದುಕಿಯೊಬ್ಬಳು ಎರಡೆಲೆ ಕೇಳಿದ್ರೆ ಅವಳೂ ಅಪರಾಧಿನಾ? ಗಿಳಿ ಚೆಲ್ಲಿದ ಕಾಳು ಮೊಳೆತರೆ... ಯಾರನ್ನ ಹಿಡೀತೀರಿ? ಗಿಳೀನಾ?”

ಅವರ ಪಕ್ಷದವರು ಬಾಯಿ ತೆರೆದು ಕುಳಿತರು. ಎದುರು ಪಕ್ಷದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರರು ಕಣ್ಣೊರೆಸಿಕೊಂಡು ಮಾವನಿಗೇ ಮೊದಲ ಬಹುಮಾನ ಎಂದರು.

ಗ್ರಂಥಾಲಯದಮ್ಮ ತುದಿಯವರೆಗೂ ಬಣ್ಣದ ಕಾಗದ ಸುತ್ತಿದ ಏನನ್ನೋ ಹೊತ್ತು ತಂದರು. “ಹಾರ ಬಾಡುತ್ತೆ ಅಂತ ಈ ಸಲ ಗಿಡ. ಯಾರೋ ಪುಣ್ಯಾತ್ಮರು ಕಸದ ಹತ್ರ ಬಿಟ್ಟು ಹೋಗಿದ್ರು. ಮನಸ್ಸು ತಡೀಲಿಲ್ಲ, ನೀರು ಹಾಕಿ ಎತ್ತಿಟ್ಟೆ. ಹೊದಿಕೆ ಬೇರೆ ಇತ್ತು ನೋಡಿ, ಪಾಪ!”

ಇನ್‌ಸ್ಪೆಕ್ಟರರು ತಮ್ಮ ಕೈಯಾರೆ ಕುಂಡವನ್ನು ಮಾವನ ತೋಳಿಗಿಟ್ಟು ಬೆನ್ನು ತಟ್ಟಿದರು.

“ಚೆನ್ನಾಗಿ ಬೆಳೆಸಿ ಯಜಮಾನ್ರೇ. ಹೂ ಬಿಡ್ತಾ ಅಂತ ಭಾನುವಾರ ನಾನೇ ಮನೆಗೆ ಬಂದು ನೋಡ್ತೀನಿ. ಹಾಗೇ ಮಗೂನೂ ನೋಡಿದ ಹಾಗಾಗುತ್ತೆ!”