ಪಾತಾಳಪ್ಪನನ್ನು ಕೊಲ್ಲಬೇಕೇ?

ನಿಜ ಹೇಳುತ್ತೇನೆ, ನನ್ನದು ಇರುವೆ ಕಂಡರೂ ದಾಟಿಕೊಂಡು ಹೋಗುವ ಜೀವ. ಆದರೆ ಕೈಗೆ ಪೆನ್ನು ಬಂತೆಂದರೆ ಯಾರನ್ನಾದರೂ ಕೊಲ್ಲದೆ ಸಮಾಧಾನವಿಲ್ಲ. ಕುಷ್ಟಗಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಸ್ತರ. ಪ್ರತಿ ವರ್ಷ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ನಾಟಕ ಬರೆಯುವುದೂ ನಾನೇ. ಕಡೆಯ ದೃಶ್ಯದಲ್ಲಿ ಒಂದಾದರೂ ಹೆಣ ಬೀಳದಿದ್ದರೆ ಜನ ಚಪ್ಪಾಳೆ ಹೊಡೆಯುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಈ ಸಲ ಮಕ್ಕಳು, "ಸೂಪರ್‌ಹೀರೋ ನಾಟಕಾನ ಬೇಕ್ರಿ ಸರ" ಎಂದು ಹಟ ಹಿಡಿದರು. ಸರಿ, ಆಕಾಶದಲ್ಲಿ ಹಾರಾಡುವ ಸಿಡಿಲವ್ವನನ್ನು ಹುಟ್ಟಿಸಿದೆ. ಅವಳಿಗೊಬ್ಬ ವೈರಿ ಬೇಕಲ್ಲ, ಊರಿನ ಬೋರ್‌ವೆಲ್ಲುಗಳ ನೀರನ್ನೆಲ್ಲ ನೆಲದಡಿಯಿಂದಲೇ ಹೀರಿ ಕುಡಿಯುವ ಪಾತಾಳಪ್ಪ. ಕೊನೆಗೆ ಸಿಡಿಲು ಬಡಿದು ಅವನು ಸಾಯಬೇಕು.

ಸಿಡಿಲವ್ವನ ಪಾತ್ರದ ಶಿವಲೀಲಾ, ಒಂಬತ್ತನೇ ತರಗತಿಯ ಹುಡುಗಿ, ತಕರಾರು ತೆಗೆದಳು. "ಸರ, ನಾ ಅವನ್ನ ಕೊಲ್ಲಂಗಿಲ್ರಿ. ಹಾರಾಕ ಬರತೈತಿ, ಗುಡ್ಡ ಎತ್ತಾಕ ಬರತೈತಿ. ಅಷ್ಟು ಶಕ್ತಿ ಇದ್ದಾಕಿಗೆ ಕೊಲ್ಲೂದು ಯಾಕ ಬೇಕ್ರಿ? ಅಂಜಿದವ್ರು ಕೊಲ್ತಾರ."

"ಬಿಟ್ರ ನಾಳೆ ಮತ್ತ ನೀರು ಕುಡೀತಾನಲ್ಲವಾ?"

"ಕುಡದ್ರ ಮತ್ತ ಹಿಡೀತೀನ್ರಿ. ಹೀರೋಗ ಬ್ಯಾರೆ ಏನು ಕೆಲಸ ಇರತೈತಿ?"

ಮರುದಿನ ತಾನೇ ಬರೆದ ಕಡೆಯ ದೃಶ್ಯವನ್ನು ತಂದುಕೊಟ್ಟಳು. ನಾಲ್ಕು ಸಾಲು ಓದಿದೆ. ಚೆನ್ನಾಗಿತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. "ನಾಟಕ ಬರಿಯಾಂವ ನಾನೋ, ನೀನೋ?" ಎಂದು ಎಲ್ಲರೆದುರಿಗೇ ಹಾಳೆ ಹರಿದು ಹಾಕಿದೆ. ಹುಡುಗಿ ಅಳಲಿಲ್ಲ, ಪಾತ್ರವನ್ನೂ ಬಿಡಲಿಲ್ಲ, ಚೂರುಗಳನ್ನು ಆಯ್ದುಕೊಂಡು ಹೋದಳು. ಅವತ್ತು ಬುತ್ತಿಯ ರೊಟ್ಟಿಯನ್ನು ಹಾಗೇ ಮನೆಗೆ ಒಯ್ದೆ. ಆದರೇನು ಮಾಡುವುದು, ಮಾಸ್ತರ ಹೋಗಿ ಹುಡುಗರ ಮುಂದೆ ತಪ್ಪಾಯಿತು ಅನ್ನುವ ಪದ್ಧತಿ ನಮ್ಮಲ್ಲಿಲ್ಲ.

ಗ್ಯಾದರಿಂಗಿನ ಹಿಂದಿನ ದಿನ ಪಾತಾಳಪ್ಪನಾಗಬೇಕಿದ್ದ ಹುಡುಗನಿಗೆ ಜ್ವರ ಬಂತು. ಆ ಮಾತುಗಳೆಲ್ಲ ಬಾಯಿಪಾಠವಿದ್ದದ್ದು ನನಗೊಬ್ಬನಿಗೇ. ಮಸಿಯಲ್ಲಿ ಮೀಸೆ ಬರೆದುಕೊಂಡು ನಾನೇ ಸ್ಟೇಜು ಹತ್ತಿದೆ. ಕಡೆಯ ದೃಶ್ಯದಲ್ಲಿ ಅಂಗಾತ ಬಿದ್ದು ಕಣ್ಣು ಬಿಟ್ಟರೆ, ಮೇಲೆ ತಗಡಿನ ಸಿಡಿಲು ಎತ್ತಿ ಹಿಡಿದ ಶಿವಲೀಲಾ! ಕೊಲ್ಲಬೇಕೋ ಬೇಡವೋ ಎಂಬ ಪ್ರಶ್ನೆ ಕೆಳಗೆ ಬಿದ್ದವನಿಗೆ ಬೇರೆಯೇ ತರಹ ಕಾಣುತ್ತದೆ. "ಬಿಡಬ್ಯಾಡ, ಹಾಕು!" ಎಂದು ಜನ ಕೂಗುತ್ತಿದ್ದರು. ಅದರಲ್ಲಿ ನನ್ನ ಹೆಂಡತಿಯ ದನಿಯೂ ಇತ್ತೆಂದು ನನಗೆ ಅನುಮಾನ.

ಅಷ್ಟರಲ್ಲಿ ನನ್ನ ಅವ್ವ ಟವೆಲು, ತೆಂಗಿನಕಾಯಿ ಹಿಡಿದು ಸ್ಟೇಜಿಗೆ ಬಂದಳು. ನಮ್ಮ ಕಡೆ ನಾಟಕ ಎಷ್ಟೇ ರಂಗೇರಿರಲಿ, ಪಾತ್ರಧಾರಿಯ ಬಳಗದವರು ಉಡುಗೊರೆ ಹಿಡಿದು ಆಯೇರಿ ಮಾಡಲು ಬಂದರೆ ಆಟ ನಿಲ್ಲಲೇಬೇಕು. ಅವ್ವ ನನ್ನನ್ನು ದಾಟಿ ಹೋಗಿ ಶಿವಲೀಲಾಳಿಗೆ ಟವೆಲು ಹೊದಿಸಿದಳು. "ಇದೊಂದು ಸಲ ಬಿಡವಾ ತಾಯಿ. ಹಟಮಾರಿ ಅದಾನ, ಖರೇನ ಕೆಟ್ಟಾಂವ ಅಲ್ಲ."

ಶಿವಲೀಲಾ ಸಿಡಿಲನ್ನು ಕೆಳಗಿಟ್ಟು, ಕೈ ಕೊಟ್ಟು ನನ್ನನ್ನು ಎಬ್ಬಿಸಿದಳು. ನಾನು ಹರಿದು ಹಾಕಿದ್ದ ಹಾಳೆಯಲ್ಲಿದ್ದ ಮಾತನ್ನೇ ಹೇಳಿದಳು. "ಕುಡದಷ್ಟು ನೀರು ತಿರುಗಿ ತುಂಬು. ನೀ ಸತ್ರ ತುಂಬಾವ್ರು ಯಾರು?"

"ತಪ್ಪಾತು ತಂಗಿ" ಎಂದೆ. ಅದು ನಾಟಕದ ಮಾತಾಗಿರಲಿಲ್ಲ, ನನ್ನ ಕಣ್ಣುಗಳೂ ತುಂಬಿದ್ದವು. ಚಪ್ಪಾಳೆಯೋ ಚಪ್ಪಾಳೆ.

ಮರುದಿನ ಹೆಡ್‌ಮಾಸ್ತರರು ಸ್ಟಾಫ್‌ರೂಮಿಗೆ ಬಂದು, "ಕಡೀ ಮಾತು ಭಾಳ ಛಲೋ ಬರದೀರಿ ನೋಡ್ರಿ" ಎಂದು ಬೆನ್ನು ತಟ್ಟಿದರು. "ಏನೋ ರೀ, ಹಂಗ ಹೊಳೀತು" ಎಂದುಬಿಟ್ಟೆ. ತಿರುಗಿದರೆ ಬಾಗಿಲಲ್ಲಿ ನೋಟ್‌ಬುಕ್ಕುಗಳನ್ನು ಹೊತ್ತು ನಿಂತ ಶಿವಲೀಲಾ. ಅವಳು ಒಂದೇ ಒಂದು ಮಾತು ಆಡಿದ್ದರೂ ಅಲ್ಲಿಗೆ ನನ್ನ ಕತೆ ಮುಗಿಯುತ್ತಿತ್ತು. ಪುಸ್ತಕಗಳನ್ನು ನನ್ನ ಮೇಜಿನ ಮೇಲಿಟ್ಟಳು, ಒಂದು ಸಲ ನನ್ನ ಮುಖ ನೋಡಿದಳು, "ಬರತೀನ್ರಿ ಸರ" ಎಂದು ಹೊರಟುಹೋದಳು. ಎರಡನೆಯ ಸಲವೂ ನನ್ನನ್ನು ಜೀವಸಹಿತ ಬಿಟ್ಟಳು.